ಡಬ್ಬ 91 ಅಂತಿತ್ತು, ಸೊಪ್ಪು ಬಾಡ್ತಿತ್ತು: ಹುಳು ಮನೆಯ ತೇವಾಂಶ ಸೆನ್ಸರ್ ಒಂದರ ಪ್ರಕರಣ

ಚಿತ್ರದುರ್ಗ ಜಿಲ್ಲೆಯ ಒಂದು ಹಳ್ಳಿ, ರೇಷ್ಮೆ ಬೆಳೆಯುವ ಒಂದು ಕುಟುಂಬ. ಊರಿನ ಹೆಸರು, ಜನರ ಹೆಸರು ಬೇಡ. ಇಲ್ಲಿ ಅವರನ್ನು ಯಜಮಾನರು, ಅಕ್ಕ ಎಂದಷ್ಟೇ ಕರೆಯುತ್ತೇನೆ. ಹುಳು ಮನೆಯ ತೇವ ನೋಡಿಕೊಳ್ಳುವ ಡಬ್ಬ ಮಾಡಿದ ಕಂಪನಿಯ ಹೆಸರನ್ನೂ ಬಿಟ್ಟಿದ್ದೇನೆ. ನಾನು ಎಲೆಕ್ಟ್ರಾನಿಕ್ಸ್ ರಿಪೇರಿ ಮಾಡುವವನು. ಇಂಥ ಡಬ್ಬಗಳನ್ನು ಬಿಚ್ಚಿ ಮತ್ತೆ ಬಳಕೆಗೆ ತರಲು ಹೊರಟವರಿಗೆ ಉಪಯೋಗ ಆಗಲಿ ಅಂತ ಇದನ್ನು ಬರೆದಿದ್ದೇನೆ.

ಹಿನ್ನೆಲೆ

ಮನೆಯ ಪಕ್ಕದಲ್ಲೇ ಹಿಪ್ಪುನೇರಳೆ ತೋಟ, ತೋಟದ ಅಂಚಿಗೆ ಶೀಟು ಹೊದಿಸಿದ ಹುಳು ಮನೆ. ಎರಡನೇ ಜ್ವರ (ಹುಳು ತಿನ್ನುವುದು ಬಿಟ್ಟು ಪೊರೆ ಕಳಚುವ ಹೊತ್ತು) ಎದ್ದ ಹುಳುವನ್ನು ಚಾಕಿ ಕೇಂದ್ರದಿಂದ, ಅಂದರೆ ಮರಿ ಹುಳು ಸಾಕಿಕೊಡುವ ಜಾಗದಿಂದ ತಂದು, ಗೂಡು ಕಟ್ಟುವವರೆಗೆ ಇವರು ಸಾಕುತ್ತಾರೆ. ಬೆಳೆದ ಹುಳುವಿಗೆ 24–25 ಡಿಗ್ರಿ ಉಷ್ಣಾಂಶ, ಶೇ. 70–75 ತೇವಾಂಶ ಇರಬೇಕು ಅನ್ನುವುದು ರೇಷ್ಮೆ ಬೆಳೆಗಾರರಿಗೆಲ್ಲ ಗೊತ್ತಿರುವ ಲೆಕ್ಕ. ಚಾಕಿ ಹುಳುವಿಗೆ ಇನ್ನೂ ಜಾಸ್ತಿ, 26–28 ಡಿಗ್ರಿ ಮತ್ತು ಶೇ. 80–90. ಜ್ವರಕ್ಕೆ ಕೂತಾಗ ಮಾತ್ರ ಹಾಸಿಗೆ ಒಣಗಿರಬೇಕು. ತೇವ ಕಮ್ಮಿಯಾದರೆ ಸೊಪ್ಪು ಬಾಡುತ್ತದೆ, ಹುಳು ತಿನ್ನುವುದಿಲ್ಲ. ಜಾಸ್ತಿಯಾದರೆ ಸುಣ್ಣಕಟ್ಟು ರೋಗದ ಭಯ. ನಮ್ಮದು ಮಳೆ ನೆರಳಿನ ಸೀಮೆ. ಬೇಸಿಗೆ ಮಧ್ಯಾಹ್ನ ಶೀಟಿನ ಕೆಳಗೆ ಆ 70 ಉಳಿಸಿಕೊಳ್ಳುವುದೇ ದೊಡ್ಡ ಕೆಲಸ. ಕಿಟಕಿಗೆ ಒದ್ದೆ ಗೋಣಿಚೀಲ, ನೆಲಕ್ಕೆ ನೀರು, ಜೊತೆಗೆ ಮಂಜು ಬಿಡುವ ಫಾಗರ್.

ಫಾಗರ್ ತಾನಾಗೇ ಓಡಲಿ ಅಂತ ಯಜಮಾನರು ಒಂದು ವೈಫೈ ಸ್ವಿಚ್ ತಂದಿದ್ದರು. ಡಬ್ಬದಿಂದ ಒಂದು ತಂತಿ, ತುದಿಯಲ್ಲಿ ಕಪ್ಪು ಪ್ಲಾಸ್ಟಿಕ್ ಕವಚದ ಸೆನ್ಸರ್. ತೇವ ಇಳಿದರೆ ಡಬ್ಬದೊಳಗಿನ ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್) ಎಳೆದು ಫಾಗರ್ ಚಾಲೂ ಆಗುತ್ತದೆ. ಎಷ್ಟಕ್ಕೆ ಚಾಲೂ ಆಗಬೇಕು ಅನ್ನುವುದನ್ನು ಫೋನಿನ ಆ್ಯಪ್‌ನಲ್ಲಿ ಹೇಳಬೇಕು, ಆ ಮಾತು ಕಂಪನಿಯ ಸರ್ವರ್ ಸುತ್ತಿಕೊಂಡು ಬರಬೇಕು. ಹುಳು ಮನೆಯಲ್ಲಿ ನಿಂತವರು ಪಕ್ಕದ ಗೋಡೆಯ ಸ್ವಿಚ್ಚಿಗೆ ಹೇಳುವ ಮಾತು ಎಲ್ಲೋ ಹೋಗಿ ಬರುವುದು ನನಗೆ ಯಾವತ್ತೂ ಸರಿ ಅನ್ನಿಸಿಲ್ಲ. ಕೊನೆಗೆ ಆದದ್ದೂ ಅದೇ. ಆ್ಯಪ್ ‘ಆಫ್‌ಲೈನ್’ ಅಂದಿತು. ಕಂಪನಿಗೆ ಫೋನ್ ಮಾಡಿದರೆ, ಆ ಮಾಡೆಲ್‌ಗೆ ಸೇವೆ ನಿಲ್ಲಿಸಿದ್ದೇವೆ, ಹೊಸದು ತಗೊಳ್ಳಿ ಎಂಬ ಉತ್ತರ. ಡಬ್ಬ ಗುಜರಿ ಚೀಲ ಸೇರಿತು. ಅಲ್ಲಿಂದ ಎತ್ತಿಕೊಂಡು ನನ್ನ ಅಂಗಡಿಗೆ ತಂದವನು ಯಜಮಾನರ ತಮ್ಮನ ಮಗ.

ಜೀವ ಬರಿಸಿದ್ದು

ಬಿಚ್ಚಿ ನೋಡಿದರೆ ಒಳಗೆ ಇಎಸ್‌ಪಿ8266 ಚಿಪ್. ಅದನ್ನು ನೋಡಿದ ತಕ್ಷಣ ಅರ್ಧ ಕೆಲಸ ಮುಗಿದ ಹಾಗೆ. ಈ ಚಿಪ್‌ಗೆ ಟಾಸ್ಮೋಟಾ ಎಂಬ ಓಪನ್ ಸೋರ್ಸ್ ಫರ್ಮ್‌ವೇರ್ (ಚಿಪ್ಪಿನೊಳಗೆ ಓಡುವ ತಂತ್ರಾಂಶ) ಇದೆ. ಥಿಯೋ ಅರೆಂಡ್ಸ್ ಎಂಬುವರು ಶುರುಮಾಡಿದ್ದು. ಕಂಪನಿಯ ಸರ್ವರ್ ಬೇಡ, ಆ್ಯಪ್ ಬೇಡ, ಇಂಟರ್ನೆಟ್ ಕೂಡ ಬೇಡ. ಡಬ್ಬವೇ ಒಂದು ಸಣ್ಣ ಪುಟ ತೆರೆದು ಕೊಡುತ್ತದೆ, ಫೋನಿನ ಬ್ರೌಸರ್‌ನಲ್ಲಿ ನೋಡಬಹುದು.

ಹಾಕುವ ಕ್ರಮ ಹಲವರಿಗೆ ಗೊತ್ತಿರುವುದರಿಂದ ಎಡವುವ ಜಾಗಗಳನ್ನಷ್ಟೇ ಹೇಳುತ್ತೇನೆ. ಕಂಪ್ಯೂಟರ್‌ನಿಂದ ಫರ್ಮ್‌ವೇರ್ ಬರೆಯಲು ಬೋರ್ಡಿಗೆ ಸೀರಿಯಲ್ ತಂತಿ ಸಿಕ್ಕಿಸುವಾಗ ಮನೆಯ ಕರೆಂಟ್ ಪ್ಲಗ್ ಪೂರ್ತಿ ತೆಗೆದಿರಬೇಕು. ಇದರಲ್ಲಿ ರಿಯಾಯಿತಿ ಇಲ್ಲ. ಚಿಪ್‌ಗೆ 3.3 ವೋಲ್ಟ್ ಮಾತ್ರ, 5 ಕೊಟ್ಟರೆ ಸಾಯುತ್ತದೆ. ಆ 3.3 ಅನ್ನು ಯುಎಸ್‌ಬಿ ಅಡಾಪ್ಟರ್‌ನಿಂದಲೇ ತೆಗೆದುಕೊಂಡರೆ ಸಾಮಾನ್ಯವಾಗಿ ಸಾಲುವುದಿಲ್ಲ. ಎಫ್‌ಟಿ232 ಚಿಪ್ಪಿನ ಅಡಾಪ್ಟರ್ ಕೊಡುವುದು 50 ಮಿಲಿಆಂಪ್, ವೈಫೈ ಎದ್ದಾಗ ಇಎಸ್‌ಪಿ8266 ಕೇಳುವುದು ಅದರ ಎಷ್ಟೋ ಪಟ್ಟು. ಫ್ಲ್ಯಾಶ್, ಅಂದರೆ ಫರ್ಮ್‌ವೇರ್ ಬರೆಯುವ ಕೆಲಸ, ಅರ್ಧಕ್ಕೆ ನಿಂತುಹೋಗುವುದಕ್ಕೆ ನಾನು ಕಂಡ ಮುಖ್ಯ ಕಾರಣ ಇದೇ. ಬೇರೆ ರೆಗ್ಯುಲೇಟರ್ ಇಟ್ಟುಕೊಳ್ಳಿ. ಆಮೇಲೆ ಜಿಪಿಐಒ 0 ಪಿನ್ ಅನ್ನು ಗ್ರೌಂಡ್‌ಗೆ ಹಿಡಿದು ಪವರ್ ಕೊಡುವುದು, ಹಳೇ ಫರ್ಮ್‌ವೇರ್ ಪ್ರತಿ ತೆಗೆದಿಡುವುದು, ಹೊಸದು ಬರೆಯುವುದು.

ಸೆನ್ಸರ್ ಎಎಂ2301, ಅಂದರೆ ಡಿಹೆಚ್‌ಟಿ22ರ ಅಣ್ಣತಮ್ಮ. ಪುಟದಲ್ಲಿ ಪಿನ್ ಆರಿಸಿ ಹೆಸರು ಹೇಳಿದ ಕೂಡಲೇ ಉಷ್ಣಾಂಶ, ತೇವಾಂಶ ಎರಡೂ ಬಂದವು. ಹುಳು ಮನೆಗೆ ಇಂಟರ್ನೆಟ್ ಇಲ್ಲದ ಹಳೇ ರೂಟರ್ ಒಂದನ್ನು ಹಾಕಿದೆವು. ಅಕ್ಕ ತಮ್ಮ ಫೋನಿನಲ್ಲೇ ನಂಬರ್ ನೋಡಿದರು. ಹುಡುಗನಿಗೆ ಖುಷಿಯೋ ಖುಷಿ. ಹೀಗೆ ಬರೆದಿಟ್ಟ ಪ್ರಯೋಗಗಳು ಹೆಚ್ಚಾಗಿ ಇಲ್ಲಿಗೇ ಮುಗಿಯುತ್ತವೆ. ನಂಬರ್ ಬಂತು, ಫೋಟೋ ತೆಗೆದರು, ಮುಗೀತು.

ಅಕ್ಕ ಕೇಳಿದ ಪ್ರಶ್ನೆ

ಫಾಗರ್ ಅನ್ನು ಇನ್ನೂ ಜೋಡಿಸಿರಲಿಲ್ಲ. ಬೆಳೆ ಒಂದು ಕಳೆಯಲಿ, ನಂಬರ್ ಹೇಗಿರುತ್ತದೆ ನೋಡೋಣ ಅಂತ ಬಿಟ್ಟಿದ್ದೆವು. ನಾಲ್ಕನೇ ಜ್ವರ ಎದ್ದ ಮೇಲೆ ಒಂದು ಸಂಜೆ ಅಕ್ಕ ತಟ್ಟೆಯಿಂದ ಒಂದು ಸೊಪ್ಪು ಎತ್ತಿ ನನ್ನ ಕೈಗೆ ಕೊಟ್ಟರು. ಅಂಚು ಒಳಕ್ಕೆ ಸುರುಟಿಕೊಂಡಿತ್ತು, ಬೆರಳಲ್ಲಿ ಒತ್ತಿದರೆ ಚರಪರ ಸದ್ದು. “ಅಲ್ಲಪ್ಪ, ಸೊಪ್ಪು ಹಾಕಿ ಎಷ್ಟೊತ್ತಾತು ಅಂತ? ಆಗ್ಲೇ ಹಿಂಗಾಗೈತೆ. ನಿಮ್ ಡಬ್ಬ ನೋಡಿದ್ರೆ ತೊಂಬತ್ತೊಂದು ಅಂತೈತೆ. ಯಾವ್ದನ್ನ ನಂಬ್ಬೇಕು?”

ಗೋಡೆಗೆ ಒಣ-ಹಸಿ ಥರ್ಮಾಮೀಟರ್ ನೇತುಹಾಕಿದ್ದರು. ಹಳೇ ಕಾಲದ್ದು, ಎರಡು ಕೊಳವೆ, ಒಂದರ ಬುಡಕ್ಕೆ ಒದ್ದೆ ಬತ್ತಿ. ಹುಡುಗ ಓಡಿಹೋಗಿ ಓದಿದ. ಒಣದ್ದು 28, ಹಸಿಯದ್ದು 26.5. ಪಟ್ಟಿ ನೋಡಿದರೆ ತೇವಾಂಶ 88ರ ಹತ್ತಿರ. “ನೋಡು ದೊಡ್ಡಮ್ಮ, ಎರಡೂ ಒಂದೇ ಹೇಳ್ತಾವೆ” ಅಂದ.

ಅಲ್ಲಿಗೆ ಬಿಟ್ಟುಬಿಡಬಹುದಿತ್ತು. ಎರಡು ಉಪಕರಣ, ಬೇರೆ ಬೇರೆ ತತ್ವದ ಮೇಲೆ ನಡೆಯುವಂಥವು, ಹೆಚ್ಚುಕಡಿಮೆ ಒಂದೇ ಉತ್ತರ ಕೊಡುತ್ತಿವೆ. ಎದುರಿಗೆ ಒಂದು ಬಾಡಿದ ಸೊಪ್ಪು. ಆದರೆ ಸೊಪ್ಪಿಗೆ ಸುಳ್ಳು ಹೇಳುವ ದಾರಿಯೇ ಇಲ್ಲ. ಶೇ. 90 ತೇವದಲ್ಲಿ ಹಿಪ್ಪುನೇರಳೆ ಸೊಪ್ಪು ಅಷ್ಟು ಬೇಗ ಸುರುಟುವುದಿಲ್ಲ.

ಮೊದಲು ಗೋಡೆಯ ಥರ್ಮಾಮೀಟರ್ ಬಿಚ್ಚಿದೆವು. ಬತ್ತಿಯನ್ನು ಮುಟ್ಟಿದರೆ ಕಡ್ಡಿ ಹಾಗೆ ಗಟ್ಟಿ. ವರ್ಷಗಟ್ಟಲೆ ಬೋರ್‌ವೆಲ್ ನೀರು ಕುಡಿದು ಉಪ್ಪು ಕಟ್ಟಿಕೊಂಡಿತ್ತು. ಬತ್ತಿ ನೀರು ಎಳೆಯದಿದ್ದರೆ ಹಸಿ ಕೊಳವೆ ತಣ್ಣಗಾಗುವುದಿಲ್ಲ, ಒಣದ್ದಕ್ಕೂ ಅದಕ್ಕೂ ಅಂತರ ಕಮ್ಮಿಯಾಗುತ್ತದೆ, ಗಾಳಿ ತೇವವಾಗಿದೆ ಅನ್ನಿಸುತ್ತದೆ. ತೊಳೆದ ಹತ್ತಿ ಪಂಚೆಯ ಒಂದು ತುಂಡನ್ನು ಹೊಸ ಬತ್ತಿ ಮಾಡಿ, ಬೋರ್ ನೀರಿನ ಬದಲು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ತುಂಬಿದೆವು. ಸ್ವಲ್ಪ ಹೊತ್ತಿಗೆ ಒಣದ್ದು 28ರಲ್ಲೇ ನಿಂತಿತ್ತು, ಹಸಿಯದ್ದು 24ಕ್ಕೆ ಇಳಿದಿತ್ತು. ಅಂದರೆ ತೇವಾಂಶ 71–72. ಡಬ್ಬ ಇನ್ನೂ 91 ಅನ್ನುತ್ತಲೇ ಇತ್ತು.

ಈ ಪ್ರಕರಣದ ಮುಖ್ಯ ತಿರುವು ನನ್ನ ಲೆಕ್ಕದಲ್ಲಿ ಇದು. ಎರಡು ಉಪಕರಣಗಳು ಒಪ್ಪಿಕೊಂಡ ಮಾತ್ರಕ್ಕೆ ಅದು ಸತ್ಯ ಆಗುವುದಿಲ್ಲ. ಇಲ್ಲಿ ಎರಡೂ ಬೇರೆ ಬೇರೆ ಕಾರಣಕ್ಕೆ ಒಂದೇ ಕಡೆಗೆ ಕೆಟ್ಟಿದ್ದವು. ಯಾವ ಉಪಕರಣವನ್ನೂ ನೆಚ್ಚದ ಮೂರನೆಯ ಸಾಕ್ಷಿ ಬೇಕಾಯಿತು.

ಉಪ್ಪಿನ ಪರೀಕ್ಷೆ

ಆ ಸಾಕ್ಷಿ ಅಡಿಗೆಮನೆಯಲ್ಲೇ ಇದೆ. ಕಲ್ಲುಪ್ಪಿಗೆ ಸ್ವಲ್ಪ ನೀರು ಹಾಕಿ ರಾಡಿ ಮಾಡಿ, ಮುಚ್ಚಿದ ಗಾಜಿನ ಬಾಟಲಿಯಲ್ಲಿಟ್ಟರೆ ಒಳಗಿನ ಗಾಳಿಯ ತೇವಾಂಶ ತಾನಾಗೇ ಶೇ. 75ಕ್ಕೆ ಬಂದು ನಿಲ್ಲುತ್ತದೆ. 25 ಡಿಗ್ರಿಯಲ್ಲಿ 75.3. 20ರಿಂದ 35 ಡಿಗ್ರಿವರೆಗೆ ಹೋದರೂ ಅದು 75.5ರಿಂದ 74.9ಕ್ಕೆ ಇಳಿಯುತ್ತದೆ, ಅಷ್ಟೇ. ಒಂದೇ ಷರತ್ತು, ಕರಗದ ಉಪ್ಪಿನ ಹರಳು ಕಣ್ಣಿಗೆ ಕಾಣುತ್ತಿರಬೇಕು. ಎಲ್ಲ ಕರಗಿ ತಿಳಿನೀರಾದರೆ ಆ ಲೆಕ್ಕ ನಡೆಯುವುದಿಲ್ಲ.

ಉಪ್ಪಿನಕಾಯಿ ಬಾಟಲಿಯ ಮುಚ್ಚಳಕ್ಕೆ ತೂತು ಹೊಡೆದು, ತಂತಿ ತೂರಿಸಿ, ಸಂದನ್ನು ಎಂ-ಸೀಲ್‌ನಿಂದ ಮುಚ್ಚಿದೆವು. ಸೆನ್ಸರ್ ಉಪ್ಪನ್ನು ಮುಟ್ಟದ ಹಾಗೆ ಮೇಲೆ ತೂಗಬೇಕು. ಬಾಟಲಿಯನ್ನು ಬಿಸಿಲು, ಫ್ಯಾನು ಎರಡೂ ತಾಗದ ಮೂಲೆಯಲ್ಲಿ ರಾತ್ರಿಯೆಲ್ಲ ಇಟ್ಟೆವು. ಬೆಳಿಗ್ಗೆ 93.

ಒಂದೇ ಬಿಂದು ಸಾಲದು. ಹುಳು ಮನೆಗೆ ಬೇಕಾದ್ದು 70ರಿಂದ 85ರ ನಡುವಿನ ನಿಖರತೆ. ಆದ್ದರಿಂದ ಎರಡನೆಯದಾಗಿ ಪೊಟ್ಯಾಸಿಯಂ ಕ್ಲೋರೈಡ್ ತಂದೆವು, ಅದು 25 ಡಿಗ್ರಿಯಲ್ಲಿ 84.3ರಲ್ಲಿ ನಿಲ್ಲುತ್ತದೆ. ಗೊಬ್ಬರದ ಪೊಟ್ಯಾಶ್ ಕೂಡ ಅದೇ ತಾನೇ ಅಂತ ಯಜಮಾನರು ಕೇಳಿದರು. ಹೌದು, ಆದರೆ ಅದರಲ್ಲಿ ಸೋಡಿಯಂ ಉಪ್ಪು ಬೆರೆತಿರುತ್ತದೆ. ಬೆರಕೆಯಾದರೆ ನಿಲ್ಲುವ ಬಿಂದು ಕೆಳಗೆ ಜಾರುತ್ತದೆ. ಲ್ಯಾಬಿನ ಉಪ್ಪೇ ಬೇಕು. ಮೂರನೆಯದು ಮೆಗ್ನೀಸಿಯಂ ಕ್ಲೋರೈಡ್, 32.8. ಇದು ಹುಳು ಮನೆಗಾಗಿ ಅಲ್ಲ, ಸೆನ್ಸರ್ ಹೇಗೆ ಕೆಟ್ಟಿದೆ ಅಂತ ತಿಳಿಯೋದಕ್ಕೆ.

84 ಇರುವಲ್ಲಿ ಸೆನ್ಸರ್ 98 ಅಂದಿತು. 33 ಇರುವಲ್ಲಿ 54.

ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ವ್ಯತ್ಯಾಸ ಒಂದು ಕಡೆ 18, ಒಂದು ಕಡೆ 14, ಇನ್ನೊಂದು ಕಡೆ 21. ಫರ್ಮ್‌ವೇರ್‌ನಲ್ಲಿ ಇಂತಿಷ್ಟು ಕಳೆ ಅಂತ ಹೇಳುವ ಸೌಲಭ್ಯ ಇದೆ. ಹುಡುಗ ಅದನ್ನೇ ಹಾಕಿಬಿಡೋಣ ಅಂದ. 75ರ ಹತ್ತಿರ ಅದು ಸರಿಯಾಗಿ ಕಾಣುತ್ತಿತ್ತು ಕೂಡ. ಆದರೆ ತಪ್ಪು ಒಂದೇ ಸಮ ಇಲ್ಲದಾಗ ಕಳೆಯುವ ಲೆಕ್ಕ ಮುಲಾಮು ಹಚ್ಚಿದ ಹಾಗೆ. ಮೇಲಾಗಿ ತೇವದ ಬಾಟಲಿಯಿಂದ ಒಣ ಬಾಟಲಿಗೆ ಹಾಕಿದಾಗ ನಂಬರ್ ಇಳಿಯುವುದಕ್ಕೆ ಗಂಟೆಗಟ್ಟಲೆ ಹಿಡಿಯುತ್ತಿತ್ತು. ಕಳೆಯುವುದು ಬೇಡ ಅಂತ ನಿರ್ಧಾರ ಆಯಿತು.

ತಪ್ಪು ಸೆನ್ಸರ್‌ದೋ ಫರ್ಮ್‌ವೇರ್‌ದೋ ಅನ್ನುವ ಅನುಮಾನ ಬರುವುದು ಸಹಜ. ಈ ಜಾತಿಯ ಸೆನ್ಸರ್ ಒಂದು ಸಲಕ್ಕೆ 40 ಬಿಟ್ ಕಳಿಸುತ್ತದೆ. ಮೊದಲ 16 ತೇವಾಂಶ, ಮುಂದಿನ 16 ಉಷ್ಣಾಂಶ, ಕೊನೆಯ 8 ತಾಳೆ ನೋಡುವ ಮೊತ್ತ. ಮೊತ್ತ ತಾಳೆಯಾಗದಿದ್ದರೆ ಟಾಸ್ಮೋಟಾ ಆ ನಂಬರನ್ನು ತೆಗೆದುಕೊಳ್ಳುವುದೇ ಇಲ್ಲ. ತಾಳೆಯಾಯಿತು ಅಂದರೆ ಸೆನ್ಸರ್ ಹೇಳಿದ್ದು ಚಿಪ್‌ಗೆ ಸರಿಯಾಗಿ ಕೇಳಿಸಿತು ಅಂತ ಅರ್ಥ. ಸೆನ್ಸರ್ ಹೇಳಿದ್ದು ನಿಜ ಅಂತ ಅಲ್ಲ. ಖಾತ್ರಿಗೆ ಅದೇ ಬೋರ್ಡಿಗೆ ಅಂಗಡಿಯಲ್ಲಿದ್ದ ಇನ್ನೊಂದು ಡಿಹೆಚ್‌ಟಿ22 ಸಿಕ್ಕಿಸಿ ಅದೇ ಕಲ್ಲುಪ್ಪಿನ ಬಾಟಲಿಯಲ್ಲಿಟ್ಟೆವು. 77 ತೋರಿಸಿತು. ಬೋರ್ಡು, ಫರ್ಮ್‌ವೇರ್ ಎರಡೂ ಬಚಾವ್. ಉಷ್ಣಾಂಶದ ವಿಷಯದಲ್ಲಿ ಹಳೇ ಸೆನ್ಸರ್ ಅರ್ಧ ಡಿಗ್ರಿ ಆಚೀಚೆ ಸರಿಯಾಗೇ ಇತ್ತು.

ಕೆಡಿಸಿದ್ದು ಯಾವುದು

ಕಪ್ಪು ಕವಚ ಬಿಚ್ಚಿದಾಗ ಜಾಲರಿಯ ಒಳಗೆ ಬಿಳಿ ಪುಡಿ, ಬೆಸುಗೆಯ ಬುಡದಲ್ಲಿ ಹಸಿರು ಕಿಲುಬು. ಅಕ್ಕನಿಗೆ ತೋರಿಸಿದ ತಕ್ಷಣ ಅವರೇ ಹೇಳಿದರು, “ಸುಣ್ಣ ಅಲ್ವಾ ಅದು.”

ಪ್ರತಿ ಬೆಳೆ ಮುಗಿದ ಮೇಲೆ ಹುಳು ಮನೆ ತೊಳೆದು, ಬ್ಲೀಚಿಂಗ್ ಪೌಡರ್ ಮತ್ತು ಸುಣ್ಣದ ನೀರು ಹೊಡೆದು, ಫಾರ್ಮಲಿನ್ ಸಿಂಪಡಿಸಿ ಬಾಗಿಲು ಮುಚ್ಚಿಬಿಡುತ್ತಾರೆ. ರೋಗ ಬರದಿರಲು ಅದು ಆಗಲೇಬೇಕಾದ ಕೆಲಸ. ತಟ್ಟೆ, ಚಂದ್ರಿಕೆ (ಹುಳು ಗೂಡು ಕಟ್ಟುವ ತಟ್ಟಿ) ಎಲ್ಲದಕ್ಕೂ ಔಷಧಿ. ಸೆನ್ಸರ್ ಮಾತ್ರ ಅಲ್ಲೇ ನೇತಾಡುತ್ತಿತ್ತು. ಬೆಳೆಯ ನಡುವೆ ಜ್ವರದ ಹೊತ್ತಿಗೆ ಹಾಸಿಗೆ ಮೇಲೆ ಉದುರಿಸುವ ಸುಣ್ಣದ ಪುಡಿಯೂ ಅದರ ಮೇಲೆ. ತೇವ ಅಳೆಯುವ ಸೆನ್ಸರ್‌ನ ಒಳಗಿರುವುದು ಗಾಳಿಯ ನೀರಾವಿಯನ್ನು ಹೀರಿ ಬಿಡುವ ತೆಳ್ಳನೆ ಪ್ಲಾಸ್ಟಿಕ್ ಪದರ. ಅದು ನೀರಾವಿಯನ್ನಷ್ಟೇ ಆರಿಸಿ ಹೀರುವುದಿಲ್ಲ. ಕ್ಲೋರಿನ್, ಫಾರ್ಮಲಿನ್ ಹೊಗೆಯೂ ಒಳಗೆ ಹೋಗುತ್ತದೆ, ಪದರದ ಗುಣವೇ ಬದಲಾಗುತ್ತದೆ. ಮೇಲೆ ಕೂತ ಸುಣ್ಣದ ಪುಡಿ ತೇವ ಹಿಡಿದಿಟ್ಟುಕೊಳ್ಳುತ್ತದೆ.

ಇದು ಗೊತ್ತಾದಾಗ ಯಜಮಾನರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹೋದ ಬೇಸಿಗೆ ಬೆಳೆಯಲ್ಲಿ ಗೂಡಿನ ತೂಕ ಬಂದಿರಲಿಲ್ಲ. ಆಗ ಆ್ಯಪ್ ಇನ್ನೂ ಜೀವಂತ ಇತ್ತು, ಡಬ್ಬದ ಮೇಲೆ ಭಾರ ಹಾಕಿ ಕೂತಿದ್ದರು. ತೇವ 90 ಇದೆ ಅಂದುಕೊಂಡ ಡಬ್ಬ ಫಾಗರ್ ಓಡಿಸುವುದೇ ಇಲ್ಲ ತಾನೇ? ಗೂಡು ಹಗುರ ಆಗುವುದಕ್ಕೆ ಸೊಪ್ಪು, ಮೊಟ್ಟೆ, ಬಿಸಿಲು ಅಂತ ನೂರೆಂಟು ಕಾರಣ ಇರುತ್ತವೆ, ಎಲ್ಲವನ್ನೂ ಡಬ್ಬದ ತಲೆಗೆ ಕಟ್ಟುವುದು ನ್ಯಾಯ ಅಲ್ಲ. ಆದರೂ ಆ ಬೇಸಿಗೆಯಲ್ಲಿ ಫಾಗರ್ ಸುಮ್ನೆ ನಿಂತಿದ್ದು ಅಕ್ಕನಿಗೆ ಚೆನ್ನಾಗಿ ನೆನಪಿತ್ತು.

ಸೆನ್ಸರ್ ಉಳಿಸಬಹುದಾ ಅಂತಲೂ ನೋಡಿದೆವು. ಎಸ್‌ಹೆಚ್‌ಟಿ ಎಂಬ ತೇವಾಂಶ ಸೆನ್ಸರ್‌ಗಳನ್ನು ಮಾಡುವ ಸೆನ್ಸಿರಿಯನ್ ಕಂಪನಿ ಹೀಗೆ ಕೆಟ್ಟವಕ್ಕೆ ಒಂದು ಉಪಾಯ ಹೇಳುತ್ತದೆ. 100–105 ಡಿಗ್ರಿಯ ಒಣ ಶಾಖದಲ್ಲಿ 10 ಗಂಟೆ, ಆಮೇಲೆ ಶೇ. 75 ತೇವದಲ್ಲಿ 12 ಗಂಟೆ. ಆ ಮಾತು ಅವರ ಚಿಪ್ಪಿಗೆ. ನಮ್ಮ ಕೈಲಿದ್ದ ಕಪ್ಪು ಕವಚದ ಸೆನ್ಸರ್ ತಡೆಯುವುದು 80 ಡಿಗ್ರಿವರೆಗೆ. ಅದಕ್ಕೇ ಒಲೆಗೆ ಹಾಕಲಿಲ್ಲ. ಸಿಲಿಕಾ ಜೆಲ್ ಇಟ್ಟ ತಗಡಿನ ಡಬ್ಬಿಯಲ್ಲಿ ಬಲ್ಬಿನ ಶಾಖ ಕೊಟ್ಟು ನೋಡಿದೆವು. ಕಲ್ಲುಪ್ಪಿನ ಬಾಟಲಿಯಲ್ಲಿ 93 ಇದ್ದದ್ದು 88ಕ್ಕೆ ಬಂತು, ಅಲ್ಲೇ ನಿಂತಿತು. ಅದನ್ನು ಕೈಬಿಟ್ಟು ಎಸ್‌ಹೆಚ್‌ಟಿ31 ತರಿಸಿದೆವು, ಧೂಳು ತಡೆಯುವ ಸೋಸು ಟೊಪ್ಪಿ ಇರುವಂಥದ್ದು. ಮೂರು ಬಾಟಲಿಗಳಲ್ಲಿ ಅದು ತೋರಿಸಿದ್ದು 76, 85, 34.

ಹೊಸ ಸೆನ್ಸರ್‌ಗಿಂತ ಮುಖ್ಯವಾದ ಬದಲಾವಣೆ ಒಂದು ಅಗ್ಗದ ಜ್ಯಾಕ್. ಸೆನ್ಸರ್ ಅನ್ನು ಕಳಚಿ ತೆಗೆಯುವ ಹಾಗೆ ಮಾಡಿದೆವು. ಔಷಧಿ ಹೊಡೆಯುವ ಮುಂಚೆ ಕಳಚಿ, ಮುಚ್ಚಳದ ಡಬ್ಬಿಗೆ ಹಾಕಿ, ಮನೆಗೆ ತೆಗೆದುಕೊಂಡು ಹೋಗುವುದು. ಎಸ್‌ಹೆಚ್‌ಟಿ31 ಮಾತಾಡುವ ಐ2ಸಿ ದಾರಿಗೆ ಉದ್ದ ತಂತಿ ಆಗಿಬರುವುದಿಲ್ಲ. ಆದ್ದರಿಂದ ತಂತಿಯನ್ನು ಎರಡು ಮೊಳಕ್ಕೆ ನಿಲ್ಲಿಸಿ, ಡಬ್ಬವನ್ನೇ ತಟ್ಟೆಗಳ ಹತ್ತಿರದ ಗೋಡೆಗೆ ತಂದೆವು. ಸೆನ್ಸರ್ ನಡುವಿನ ತಟ್ಟೆಯ ಎತ್ತರಕ್ಕೆ. ಮಂಜಿನ ಹನಿ ತಂತಿ ಹಿಡಿದು ಡಬ್ಬಕ್ಕೆ ಇಳಿಯದಿರಲಿ ಅಂತ ತಂತಿಯನ್ನು ಡಬ್ಬಕ್ಕಿಂತ ಕೆಳಗೆ ಜೋತುಬಿಟ್ಟು ಮೇಲೆ ತಂದಿದ್ದೇವೆ.

ಬಲ್ಬು ಯಾವಾಗ ಉರಿಯಬೇಕು

ಫಾಗರ್‌ಗೆ ರಿಲೇ ಜೋಡಿಸುವ ಮಾತು ಮತ್ತೆ ಬಂತು. ಅಕ್ಕ ಬೇಡ ಅಂದರು. ಹುಳುವಿನ ವಯಸ್ಸಿಗೆ ತಕ್ಕ ಹಾಗೆ ಬೇಕಾದ ತೇವ ಬದಲಾಗುತ್ತದೆ, ಜ್ವರಕ್ಕೆ ಕೂತಾಗ ಫಾಗರ್ ತಾನಾಗೇ ಓಡಿದರೆ ಕೆಲಸ ಕೆಟ್ಟಿತು ಅನ್ನುವುದು ಅವರ ಮಾತು. ಸರಿಯಾದ ಮಾತು. ಹಾಗಾಗಿ ರಿಲೇಗೆ ಒಂದು ಸಣ್ಣ ಎಲ್‌ಇಡಿ ಬಲ್ಬು ಹಾಕುವುದು, ತೇವ 65ಕ್ಕಿಂತ ಇಳಿದರೆ ಅದು ಹತ್ತಿಕೊಳ್ಳುವುದು, ಫಾಗರ್ ಹಾಕುವುದು ಬಿಡುವುದು ಮನುಷ್ಯರೇ ಅಂತ ಆಯಿತು.

ಅದನ್ನು ಡಬ್ಬಕ್ಕೆ ರೂಲ್ ಆಗಿ ಬರೆಯುವ ಹೊತ್ತಿಗೆ ಅದರಲ್ಲೂ ಒಂದು ತೊಡಕು ಕಂಡಿತು. ಕರೆಂಟ್ ಹೋದರೆ ಬಲ್ಬು ಉರಿಯುವುದಿಲ್ಲ. ಜ್ಯಾಕ್ ಸಡಿಲವಾಗಿ ನಂಬರ್ ಬರದಿದ್ದರೂ ಉರಿಯುವುದಿಲ್ಲ. ಬಲ್ಬು ಆರಿದೆ, ಎಲ್ಲ ಚೆನ್ನಾಗಿದೆ ಅಂತ ಅಕ್ಕ ಮಲಗಿಬಿಡುತ್ತಾರೆ. ಆದ್ದರಿಂದ ತಿರುವುಮುರುವು ಮಾಡಿದೆವು. ಉರಿಯುತ್ತಿದ್ದರೆ ಸರಿ, ಆರಿದರೆ ಬಂದು ನೋಡಿ.

ಟಾಸ್ಮೋಟಾದ ರೂಲ್ಸ್ ಮತ್ತು ಪಲ್ಸ್‌ಟೈಮ್ ಎರಡೂ ಸೇರಿ ಇದನ್ನು ಸುಲಭ ಮಾಡಿದವು. ಟೆಲಿಪೀರಿಯಡ್ (ನಂಬರ್ ಎಷ್ಟು ಹೊತ್ತಿಗೊಮ್ಮೆ ಬರಬೇಕು ಅನ್ನುವುದು) ಅನ್ನು ಮೊದಲಿದ್ದ 300 ಸೆಕೆಂಡಿನಿಂದ 60ಕ್ಕೆ ಇಳಿಸಿದೆವು. ನಿಮಿಷಕ್ಕೊಮ್ಮೆ ಬರುವ ನಂಬರ್ ಗಡಿಯೊಳಗಿದ್ದರೆ ರೂಲ್ ಬಲ್ಬನ್ನು ಹಚ್ಚುತ್ತದೆ. ಪಲ್ಸ್‌ಟೈಮ್, ಅಂದರೆ ಹಚ್ಚಿದ ಬಲ್ಬು ಎಷ್ಟು ಹೊತ್ತಿಗೆ ತಾನಾಗೇ ಆರಬೇಕು ಅನ್ನುವುದು, 280. 112ರಿಂದ ಮೇಲಿನ ನಂಬರ್ ಕೊಟ್ಟರೆ ಅದರಲ್ಲಿ 100 ಕಳೆದಷ್ಟು ಸೆಕೆಂಡ್ ಅಂತ ಲೆಕ್ಕ, ಅಂದರೆ ಇಲ್ಲಿ 180. ಒಳ್ಳೆ ನಂಬರ್ ಬರುತ್ತಾ ಇದ್ದರೆ ಬಲ್ಬಿನ ಆಯಸ್ಸು ನಿಮಿಷಕ್ಕೊಮ್ಮೆ ಹೊಸದಾಗುತ್ತದೆ. ನಂಬರ್ ಗಡಿ ದಾಟಿದರೂ, ಸೆನ್ಸರ್ ಕಳಚಿದರೂ ಮೂರು ನಿಮಿಷಕ್ಕೆ ತಾನಾಗೇ ಆರುತ್ತದೆ. ಕರೆಂಟ್ ಹೋದರಂತೂ ಆ ಕ್ಷಣಕ್ಕೇ. ಜ್ಯಾಕ್ ಎಳೆದು, ಪ್ಲಗ್ ಕಿತ್ತು, ಒಣ ಬಾಟಲಿಗೆ ಹಾಕಿ ಮೂರು ರೀತಿಯಲ್ಲೂ ಅಕ್ಕನ ಎದುರೇ ಪರೀಕ್ಷೆ ಮಾಡಿದೆವು. ಹೊಲದಿಂದ ಬರುವಾಗಲೇ ಕಾಣುವ ಹಾಗೆ ಬಲ್ಬನ್ನು ಬಾಗಿಲ ಹೊರಗೆ ಹಾಕಿದ್ದು ಅವರ ಯೋಚನೆ.

ಈಗ

ಬೆಳೆ ಮುಗಿದಾಗಲೆಲ್ಲ, ಔಷಧಿ ಹೊಡೆಯುವ ಮುಂಚೆ, ಕಳಚಿದ ಸೆನ್ಸರ್ ಒಂದು ರಾತ್ರಿ ಕಲ್ಲುಪ್ಪಿನ ಬಾಟಲಿಯಲ್ಲಿ ಕಳೆಯುತ್ತದೆ. ಬಂದ ನಂಬರನ್ನು ಹುಡುಗ ಬಾಗಿಲ ಹಿಂದೆ ತಾರೀಕಿನ ಜೊತೆ ಸೀಮೆಸುಣ್ಣದಲ್ಲಿ ಬರೆಯುತ್ತಾನೆ. ಇತ್ತೀಚಿನದು 77. 80 ದಾಟಿದರೆ ಸೆನ್ಸರ್ ಬದಲಿಸುವುದು ಅಂತ ಮಾತಾಗಿದೆ. ಗೋಡೆಯ ಒಣ-ಹಸಿ ಥರ್ಮಾಮೀಟರ್ ಅನ್ನು ತೆಗೆದಿಲ್ಲ. ಬತ್ತಿಯನ್ನು ಪ್ರತಿ ಬೆಳೆಗೆ ಬದಲಿಸುತ್ತಾರೆ, ಥರ್ಮಾಮೀಟರ್ ಹೇಳುವ ತೇವಾಂಶವೂ ಸೆನ್ಸರ್ ಹೇಳುವುದೂ 3ರ ಅಂತರದೊಳಗೆ ಇವೆ. ಹಳೇ ಕಪ್ಪು ಸೆನ್ಸರ್ ನನ್ನ ಅಂಗಡಿಯಲ್ಲಿ ಉಷ್ಣಾಂಶಕ್ಕೆ ಮಾತ್ರ ಬಳಕೆಯಾಗುತ್ತಿದೆ. ಮೇಲೆ ‘ತೇವ ನಂಬಬೇಡಿ’ ಅಂತ ಚೀಟಿ ಅಂಟಿಸಿದ್ದೇನೆ.

ಮಳೆಗಾಲದಲ್ಲಿ ಕೆಳಗಿನ ಗಡಿಯೊಂದೇ ಸಾಲಲಿಲ್ಲ. ತೇವ 90 ದಾಟಿದರೂ ಬಲ್ಬು ಉರಿಯುತ್ತಲೇ ಇತ್ತು. ಈಗ ಮೇಲಿನ ಗಡಿಯೂ ಇದೆ, ಜ್ವರದ ಹೊತ್ತಿಗೆ ಎರಡನ್ನೂ ಕೆಳಗಿಳಿಸಬೇಕು. ಅದನ್ನು ಫೋನಿನ ಪುಟದಲ್ಲಿ ಹುಡುಗನೇ ಬದಲಿಸುತ್ತಾನೆ. ಅವನು ಕಾಲೇಜಿಗೆ ದಾವಣಗೆರೆಗೆ ಹೋದ ದಿನ ಅಕ್ಕನಿಗೆ ಕಷ್ಟ. ಡಬ್ಬದ ಮೇಲಿರುವ ಬಟನ್ನನ್ನು ಒಂದು ಸಲ ಒತ್ತಿದರೆ ಜ್ವರದ ಗಡಿ, ಇನ್ನೊಂದು ಸಲ ಒತ್ತಿದರೆ ಮಾಮೂಲಿ ಗಡಿ ಆಗುವ ಹಾಗೆ ರೂಲ್ ಬರೆಯುತ್ತಿದ್ದೇನೆ. ಫಾಗರ್ ಜೋಡಿಸುವ ಆಸೆ ಯಜಮಾನರಿಗೆ ಇನ್ನೂ ಹೋಗಿಲ್ಲ. ಎರಡನೇ ಎಸ್‌ಹೆಚ್‌ಟಿ31 ಹಾಕಿ, ಎರಡೂ ಉಪ್ಪಿನ ಬಾಟಲಿ ದಾಟಿ ಬಂದ ಮೇಲೆ ನೋಡೋಣ ಅಂದಿದ್ದೇನೆ.